ಜಾಗ ಬಿಡು

ಏಳನೇ ಕಂಪ್ಯೂಟರಿನ ಪರದೆಯಲ್ಲಿ ಬಣ್ಣವೇ ಇರಲಿಲ್ಲ. ಲ್ಯಾಬಿನ ಬೇರೆಲ್ಲ ಪರದೆಗಳಲ್ಲಿ ಪ್ರೋಗ್ರಾಮಿನ ಪದಗಳು ನೀಲಿ, ಹಸಿರು, ಕಿತ್ತಳೆಯಾಗಿ ಎದ್ದು ಕಾಣುತ್ತಿದ್ದರೆ ಇದರಲ್ಲಿ ಎಲ್ಲವೂ ಒಂದೇ ಕಪ್ಪು. ಊಟದ ಬಿಡುವಿನಲ್ಲಿ ಅದನ್ನು ಸರಿಮಾಡಲು ಕೂತ ಫೌಝಿಯಾ ಟೀಚರಿಗೆ ಸಿಟ್ಟು ನೆತ್ತಿಗೇರಿತು. ಈ ಪ್ಲಸ್ ವನ್ ಮಕ್ಕಳ ಕೈ ಸುಮ್ಮನಿರುವುದಿಲ್ಲ, ಏನೋ ಒತ್ತಿ ಹಾಳು ಮಾಡಿಟ್ಟಿದ್ದಾರೆ ಎಂದುಕೊಂಡಳು.

ಪರದೆಯ ಮೇಲಿದ್ದದ್ದು ಪೂಜಾಶ್ರೀಯ ಪ್ರೋಗ್ರಾಮು. ಮೀಂಜದ ಕನ್ನಡ ಮೀಡಿಯಂ ಶಾಲೆಯಿಂದ ಬಂದ ಹುಡುಗಿ. ಒಂದು ವಾರದಿಂದ ಲ್ಯಾಬಿನ ಕಡೆ ತಲೆ ಹಾಕಿರಲಿಲ್ಲ. ಸಾಲುಗಳೆಲ್ಲ ನೆಟ್ಟಗೇ ಇದ್ದವು, ಆದರೂ ಓಡಿಸಿದರೆ ತಪ್ಪು ತೋರಿಸುತ್ತಿತ್ತು. ಫೌಝಿಯಾ ಖಾಲಿ ಜಾಗಗಳಿಗೆ ಗುರುತು ತೋರಿಸುವ ಆಯ್ಕೆಯನ್ನು ಒತ್ತಿದಳು. ಕೆಲವು ಸಾಲುಗಳ ಮುಂದೆ ನಾಲ್ಕು ಚುಕ್ಕಿ, ಕೆಲವುಗಳ ಮುಂದೆ ಒಂದು ಉದ್ದ ಬಾಣ. ಚುಕ್ಕಿಗಳು ಹುಡುಗಿ ಕೈಯಾರೆ ಒತ್ತಿದ ಸ್ಪೇಸ್‌ಗಳು. ಬಾಣ, ಎಂಟರ್ ಒತ್ತಿದಾಗ ಪ್ರೋಗ್ರಾಮು ಬರೆಯುವ ಎಡಿಟರು ತಾನೇ ಮುಂದಾಗಿ ಹಾಕಿದ ಟ್ಯಾಬ್, ಒಂದೇ ನೆಗೆತದ ಖಾಲಿ ಜಾಗ. ಸಾಲಿನ ಮುಂದಿನ ಜಾಗವನ್ನೂ ಲೆಕ್ಕ ಹಿಡಿಯುವ ಪೈಥಾನ್ ಭಾಷೆ ಎರಡೂ ಬೆರೆತರೆ ಒಪ್ಪುವುದಿಲ್ಲ.

ಎಡಿಟರಿಗೆ ಟ್ಯಾಬ್ ಹಾಕಲು ಹೇಳಿದವರು ಯಾರು?

ಅಲ್ಲಾ! ಇದೇ ಕಂಪ್ಯೂಟರಿನಲ್ಲಿ ಕೂತು ಪಿಟಿಎ ಸಭೆಯ ನೋಟೀಸನ್ನು ಕನ್ನಡದಲ್ಲಿ ಟೈಪ್ ಮಾಡಿದ್ದು ಅವಳೇ. ಕನ್ನಡ ಅಕ್ಷರಗಳಿಗೆ ಚಿತ್ರವಿಚಿತ್ರ ಬಣ್ಣ ಹತ್ತುತ್ತದೆಂದು ಬಣ್ಣ ತೆಗೆದವಳೂ, ಹೆಸರುಗಳು ಸಾಲಾಗಿ ಕೂರಲಿ ಎಂದು ಟ್ಯಾಬ್ ಇಟ್ಟವಳೂ ಅವಳೇ. ಮತ್ತೆ ಮೊದಲಿನಂತೆ ಮಾಡಲು ಮರೆತಿದ್ದಳು.

ವಾರದ ಹಿಂದೆ, ಲ್ಯಾಬಿಗೆ ಕೊನೆಯ ಸಲ ಬಂದ ದಿನ, ಹುಡುಗಿ ಹೇಳಿಯೇ ಇದ್ದಳು. "ಟೀಚರ್, ಇದರಲ್ಲಿ ಬಣ್ಣ ಬರುವುದಿಲ್ಲ. ಎಂತದೋ ಹಾಳಾಗಿದೆ."

"ಬಣ್ಣ ಮತ್ತೆ ನೋಡುವ. ನಾಲ್ಕು ಜಾಗ ಬಿಡು ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?"

"ಬಿಟ್ಟಿದ್ದೇನೆ ಟೀಚರ್."

"ಎಂತ ಮಣ್ಣು ಬಿಟ್ಟದ್ದು! ಜಾಗ ಬಿಡು ಮಾರಾಯ್ತಿ, ಜಾಗ ಬಿಡು!"

ಕನ್ನಡ ಮೀಡಿಯಂ ಮಕ್ಕಳಿಗೆ ಸುಲಭವಾಗಲೆಂದು ಸ್ಪೇಸನ್ನು ಜಾಗ ಎಂದವಳು ಫೌಝಿಯಾ. ಮನೆಯಲ್ಲಿ ಬ್ಯಾರಿ ಭಾಷೆ ಮಾತನಾಡುವ ತನಗೆ ಇಷ್ಟು ಚಂದದ ಕನ್ನಡ ಬರುತ್ತದೆಂದು ಒಳಗೊಳಗೇ ಜಂಬವೂ ಇತ್ತು. ಪೂಜಾಶ್ರೀ ಮುಖ ಕೆಂಪಗೆ ಮಾಡಿಕೊಂಡು ಎದ್ದಳು, ಬ್ಯಾಗು ಹೆಗಲಿಗೇರಿಸಿದಳು, ನಿಜವಾಗಿಯೂ ಜಾಗ ಬಿಟ್ಟು ಹೋದಳು. ಇಡೀ ಕ್ಲಾಸು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಫೌಝಿಯಾ. ಕರೆದು ಕೂರಿಸಲು ಒಂದು ಮಾತು ಸಾಕಿತ್ತು. ನಗು ನಿಲ್ಲದೆ ಆ ಮಾತು ಬರಲಿಲ್ಲ.

ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಅದೂ ಇವತ್ತೇ ಹುಡುಗಿ ಅಮ್ಮನ ಜೊತೆ ಬಂದು, ಕಂಪ್ಯೂಟರ್ ಬೇಡ, ಕಾಮರ್ಸಿಗೆ ಹಾಕಿ ಎಂದು ಪ್ರಿನ್ಸಿಪಾಲರನ್ನು ಕೇಳಲು ಹೊರಗೆ ಕಾಯುತ್ತಿದ್ದಳು. ಫೌಝಿಯಾ ಎದ್ದು ವರಾಂಡಕ್ಕೆ ನಡೆದಳು.

"ತಪ್ಪು ನಿನ್ನದಲ್ಲ ಪೂಜಾ. ನನ್ನದು. ಸೆಟ್ಟಿಂಗ್ ಹಾಳು ಮಾಡಿದ್ದೇ ನಾನು. ನೀನು ಬರೆದದ್ದು ಸರಿ ಉಂಟು."

ಅಮ್ಮ ಸುಂದರಿ ಗಾಬರಿಯಿಂದ ಎದ್ದು ನಿಂತರು. "ಇರಲಿ ಟೀಚರ್, ನೀವು ಹಾಗೆಲ್ಲ ಹೇಳ್ಬೇಡಿ. ಇವಳಿಗೇ ತಲೆಗೆ ಹತ್ತುವುದಿಲ್ಲ. ಮನೆಯಲ್ಲಿ ಅವಳೇ ಹೇಳಿದ್ದು, ನಾನು ದಡ್ಡಿ ಅಂತ."

ಪೂಜಾಶ್ರೀ ಅಮ್ಮನನ್ನು ನೋಡಲಿಲ್ಲ. "ನೀವು ಇಲ್ಲಿ ಹೇಳಿದರೆ ಎಂತಾಯ್ತು ಟೀಚರ್? ನಗಾಡಿದವರು ಅಲ್ಲಿದ್ದಾರೆ."

ಫೌಝಿಯಾ ಲ್ಯಾಬಿನ ಬಾಗಿಲ ಕಡೆ ನೋಡಿದಳು. ಹುಡುಗಿಯ ಮುಂದೆ ತಗ್ಗುವುದು ಒಂದು, ಇಡೀ ಕ್ಲಾಸಿನ ಮುಂದೆ ತಗ್ಗುವುದು ಇನ್ನೊಂದು. ನಾಳೆಯಿಂದ ಯಾರು ಹೆದರುತ್ತಾರೆ? ಬೆಲ್ ಹೊಡೆಯಿತು. "ಬಾ" ಎಂದಳು.

ಲ್ಯಾಬಿನಲ್ಲಿ ಎಲ್ಲರೂ ಕೂತಾಗಿತ್ತು. ಫೌಝಿಯಾ ಪರದೆಯ ಬಾಣಗಳನ್ನೂ ಚುಕ್ಕಿಗಳನ್ನೂ ತೋರಿಸಿ, ಯಾವುದನ್ನು ಯಾರು ಹಾಕಿದ್ದೆಂದು ಬಿಡಿಸಿ ಹೇಳಿದಳು. ನಕ್ಕದ್ದನ್ನೂ ಹೇಳಿದಳು. ಅವಳ ದನಿ ಎರಡು ಕಡೆ ತಡವರಿಸಿತು. ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಅವಳು ಗದರಲಿಲ್ಲ.

ಪೂಜಾಶ್ರೀ ಬಾಗಿಲಲ್ಲೇ ಇದ್ದಳು, ಒಂದು ಕಾಲು ಇನ್ನೂ ಹೊರಗೆ. ಏಳನೇ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಪಕ್ಕದ ದೀಪಶ್ರೀಯ ಬ್ಯಾಗು ಕೂತಿತ್ತು. ದೀಪಶ್ರೀ ಬಾಗಿಲ ಕಡೆ ನೋಡಿದಳು, ಬ್ಯಾಗನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.