ಏಳನೇ ಬಾವಿಯ ಕೊನೆಯ ಕಲ್ಲು

ನಮ್ಮ ಉಗ್ರಾಣಕ್ಕೆ ಯಾರಾದರೂ ಬಂದು "ಒಂದು ತುಂಡು ಕೊಡಿ" ಅಂದರೆ ನನಗೆ ಮೈ ಉರಿಯುತ್ತದೆ. ಎಣ್ಣೆ ಬಾವಿ ಕೊರೆಯುವಾಗ ಆಳದಿಂದ ಎತ್ತಿದ ಉರುಟು ಕಲ್ಲುಗಳು ಇಲ್ಲಿ ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿವೆ. ಇಪ್ಪತ್ತೆಂಟು ವರ್ಷದಿಂದ ಅವುಗಳ ಉಸ್ತುವಾರಿ ನನ್ನದು. ಬಂದವರು ಒಯ್ಯುವುದು ಕಲ್ಲು, ವಾಪಸು ತರುವುದು ಪುಡಿ.

ಹಾಗಾಗಿ ಸೋಪು ಮೇಷ್ಟ್ರು ಬಂದು ಏಳನೇ ಬಾವಿಯ ಕಲ್ಲು ಕೇಳಿದಾಗ ಇಲ್ಲ ಅಂದುಬಿಟ್ಟೆ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಅಂಟುವಾಳದ ಕಾಯಿ ನೆನೆಸಿ, ನೊರೆ ಬರಿಸುತ್ತ ಕೂತವರಿಗೆ ನಾವೆಲ್ಲ ಇಟ್ಟ ಹೆಸರು ಸೋಪು ಮೇಷ್ಟ್ರು.

"ಅಕ್ಕಾ, ಸೋಮವಾರ ಆ ಬಾವಿಗೆ ಸಿಮೆಂಟ್ ತುಂಬಿ ಮುಚ್ತಾರೆ. ಒಳಗಿರೋ ಎಣ್ಣೆ ಹೊರಗೆ ಬರುತ್ತೆ ಅಂತ ತೋರಿಸಿದ್ರೆ ಮಾತ್ರ ನಿಲ್ಲಿಸ್ತಾರಂತೆ," ಎಂದರು.

"ನಿಮ್ಮ ತಲೆಸ್ನಾನದ ನೀರಿಗೆ ಬಾವಿ ಎದ್ದು ಕೂರುತ್ತಾ?" ಎಂದು ಕಳಿಸಿಬಿಟ್ಟೆ.

ಕಳಿಸಿದೆನೇ ಹೊರತು ಮನಸ್ಸು ತಡೆಯಲಿಲ್ಲ. ಆ ಬಾವಿ ಕೊರೆಸಿದ್ದು ನನ್ನ ಅಣ್ಣ. ಹತ್ತು ವರ್ಷ ಎಣ್ಣೆ ಕೊಟ್ಟು ಅದು ಬರೀ ಉಪ್ಪುನೀರು ಕಾರತೊಡಗಿದಾಗ ಎಲ್ಲರೂ ಮುಗಿಯಿತು ಅಂದರು. ಅಣ್ಣ ಒಬ್ಬನೇ, "ಮೂರರಲ್ಲಿ ಎರಡು ಪಾಲು ಇನ್ನೂ ಕೆಳಗೇ ಇದೆ, ಒಂದಲ್ಲ ಒಂದು ದಿನ ಬರುತ್ತೆ" ಎಂದು ಹಟ ಹಿಡಿದ. ನಿವೃತ್ತನಾದ ಮೇಲೂ ಊಟಕ್ಕೆ ಕೂತರೆ ಅದೇ ಮಾತು. ಕೇಳಿ ಒಳಗೊಳಗೇ ನಕ್ಕವರಲ್ಲಿ ನಾನೂ ಒಬ್ಬಳು. ಆದರೂ ಅವನು ಹೇಳಿದನೆಂದು, ಒಳಗಿನ ಎಣ್ಣೆ ಆರದಂತೆ ಮೇಣ ಮೆತ್ತಿದ ಒಂದು ತುಂಡನ್ನು ಯಾರ ಕಣ್ಣಿಗೂ ಬೀಳದ ಹಾಗೆ ಎತ್ತಿಟ್ಟಿದ್ದೆ. ಅದೊಂದೇ ಉಳಿದಿತ್ತು. ಅದನ್ನೂ ಕೊಯ್ದು ಏನೂ ಬಾರದಿದ್ದರೆ ಬಾವಿಯೂ ಹೋಯಿತು, ಕಲ್ಲೂ ಹೋಯಿತು, ಅಣ್ಣನ ಮಾತಂತೂ ಪೂರ್ತಿ ಮಣ್ಣುಪಾಲು.

ಕೊಡದಿದ್ದರೂ ಸೋಮವಾರ ಬಾವಿ ಹೋಗುವುದೇ ಅಂದುಕೊಂಡು, ಮಂಗಳವಾರ ಬೆಳಿಗ್ಗೆ ನಾನೇ ಮೇಣ ಸುಲಿದು ಕಲ್ಲನ್ನು ಗರಗಸಕ್ಕೆ ಕೊಟ್ಟೆ. ಹೆಬ್ಬೆರಳುದ್ದದ ಎರಡು ತುಂಡು. ಕೊಯ್ದ ಮುಖ ಕಂದುಬಣ್ಣದ ಒಣಕಲು. ಎಣ್ಣೆಯ ವಾಸನೆ ಇತ್ತು, ಅಷ್ಟೇ.

ಮೇಷ್ಟ್ರು ಅವನ್ನು ಉದ್ದ ಕತ್ತಿನ ಎರಡು ಗಾಜಿನ ಪಾತ್ರೆಗಳಲ್ಲಿ ಇಳಿಸಿದರು. ಒಂದರಲ್ಲಿ ಬಾವಿಯದೇ ಉಪ್ಪುನೀರು, ಇನ್ನೊಂದರಲ್ಲಿ ಅದೇ ನೀರಿಗೆ ಅಂಟುವಾಳದ ಸಾರ. ಎರಡನ್ನೂ ಬಾವಿಯ ತಳದಷ್ಟೇ ಬಿಸಿಯಿರುವ, ಗಾಜಿನ ಬಾಗಿಲಿನ ಓವನ್‌ನಲ್ಲಿಟ್ಟರು.

"ಪಂಪು ಹಾಕಿ ತಳ್ಳೋದಿಲ್ವಾ?"

"ಇಲ್ಲ ಅಕ್ಕ. ಬಾಣಲೆಗೆ ಜಿಡ್ಡು ಹಿಡಿದ ಹಾಗೆ ಎಣ್ಣೆ ಕಲ್ಲಿನ ಸಣ್ಣ ಸಣ್ಣ ತೂತುಗಳ ಗೋಡೆಗೆ ಹಿಡ್ಕೊಂಡಿದೆ. ಎಷ್ಟು ನೀರು ತಳ್ಳಿದ್ರೂ ಪಕ್ಕದಲ್ಲೇ ಹರಿದು ಹೋಗುತ್ತೆ. ಅಂಟುವಾಳ ಆ ಹಿಡಿತ ಬಿಡಿಸಿದ್ರೆ ಕಲ್ಲು ತಾನೇ ನೀರು ಕುಡಿದು ಎಣ್ಣೆ ಬಿಡುತ್ತೆ."

ಬುಧವಾರ ಕಲ್ಲಿನ ಮೇಲೆ ಗುಳ್ಳೆಗಳು ಕಂಡವು. ನಾನು ಹಿಂದೆಮುಂದೆ ನೋಡದೆ ಎಣ್ಣೆ ಬಂತೆಂದು ಅಣ್ಣನಿಗೆ ಫೋನು ಮಾಡಿದೆ. ನೋಡಿದರೆ ಎರಡು ಪಾತ್ರೆಯಲ್ಲೂ ಅದೇ ಗುಳ್ಳೆ, ಕಲ್ಲಿನೊಳಗಿನ ಗಾಳಿ. ಮತ್ತೆ ಫೋನು ಮಾಡಿ ಹೇಳಬೇಕಾಯಿತು. "ಸರಿ ಬಿಡು," ಎಂದು ಇಟ್ಟುಬಿಟ್ಟ. ಬೈದಿದ್ದರೆ ವಾಸಿಯಿತ್ತು. ಗುರುವಾರ ಏನೂ ಇಲ್ಲ. ಸಿಟ್ಟೆಲ್ಲ ಮೇಷ್ಟ್ರ ಮೇಲೆ ತೀರಿಸಿಕೊಂಡೆ.

ಶುಕ್ರವಾರ ಮಧ್ಯಾಹ್ನ, ಅಂಟುವಾಳದ ಪಾತ್ರೆಯಲ್ಲಿ ಕಲ್ಲಿನ ನೆತ್ತಿಯ ಮೇಲೆ ಸಾಸಿವೆಯಷ್ಟು ಕಪ್ಪು. ಈ ಸಲ ಬಾಯಿ ಬಿಡಲಿಲ್ಲ. ಅದು ಉಬ್ಬಿತು, ದುಂಡಗಾಯಿತು, ಕಲ್ಲಿನ ಕೈ ಬಿಟ್ಟು ನಿಧಾನವಾಗಿ ಮೇಲೇರಿ ಗಾಜಿನ ಕತ್ತಿನಲ್ಲಿ ನಿಂತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಪಕ್ಕದಿಂದ, ಅಡಿಯಿಂದ, ಎಲ್ಲೆಡೆಯಿಂದ. ಕಲ್ಲು ಬೆವರುತ್ತಿತ್ತು. ಬರೀ ಉಪ್ಪುನೀರಿನಲ್ಲಿದ್ದ ಅದರ ಜೊತೆಯ ತುಂಡು ಇಟ್ಟ ಹಾಗೇ ಇತ್ತು.

ಮನುಷ್ಯ ಅನ್ನುವವನು ಹುಟ್ಟುವ ಮೊದಲೇ ಕತ್ತಲಲ್ಲಿ ಸೇರಿಕೊಂಡದ್ದು, ಯಾರೂ ತಳ್ಳದೆ, ಯಾರೂ ಎಳೆಯದೆ, ಮರದ ಕಾಯಿಯ ಸಾರಕ್ಕೆ ಒಲಿದು ಎದ್ದು ಬರುತ್ತಿತ್ತು. ಇಷ್ಟು ವರ್ಷ ಕಲ್ಲು ಹೊತ್ತವಳು, ಕಲ್ಲು ಅಂದರೆ ಏನೆಂದು ಅವತ್ತು ಕಂಡೆ.

ಸಂಜೆ ಫೋನು ಮಾಡಿ ಕರೆಸಿದ ಅಣ್ಣ ಬರುವ ಹೊತ್ತಿಗೆ ಗಾಜಿನ ಕತ್ತಿನಲ್ಲಿ ಬೆರಳಗಲ ಎಣ್ಣೆ ನಿಂತಿತ್ತು. ನಾವು ಕಳಿಸಿದ ಫೋಟೊ ನೋಡಿ ಮೇಲಧಿಕಾರಿಗಳು ಸಿಮೆಂಟ್ ನಿಲ್ಲಿಸಿರುವುದಾಗಿ ಮೇಷ್ಟ್ರಿಗೆ ತಿಳಿಸಿಯೂ ಆಗಿತ್ತು. ಅಣ್ಣ ಕನ್ನಡಕ ಹಣೆಗೇರಿಸಿ ಬಗ್ಗಿದ. ಐದು ನಿಮಿಷವಾದರೂ ಎದ್ದು ನಿಲ್ಲಲಿಲ್ಲ.

"ಗೆದ್ದೆಯಲ್ಲ. ನಾನು ಹೇಳಿರಲಿಲ್ವಾ ಅಂತ ಈಗ ಹೇಳು," ಎಂದೆ.

"ಏನು ಹೇಳಲಿ? ಹೊರಗೆ ಬರುತ್ತೆ ಅಂತ ಒಂದು ದಿನಾನೂ ನಂಬಿರಲಿಲ್ಲ." ಅವನು ಕನ್ನಡಕ ಕೆಳಗಿಳಿಸಿದ. "ಅಷ್ಟು ವರ್ಷ ದುಡಿದ ಜಾಗ. ಮುಗೀತು ಅನ್ನೋಕೆ ಬಾಯಿ ಬರಲಿಲ್ಲ. ನೀನೊಬ್ಬಳು ನಂಬಿ ಕಲ್ಲು ಎತ್ತಿಟ್ಟೆಯಲ್ಲ, ಅದಕ್ಕೇ ಹೇಳ್ಕೊಂಡು ಬಂದೆ."

"ನಾನೆಲ್ಲಿ ನಂಬಿದ್ದೆ ಅಣ್ಣಾ? ನೀನು ಹೇಳಿದೆ ಅಂತ ಇಟ್ಟೆ."

ಇಬ್ಬರಿಗೂ ನಗು ಬಂತು. ನಗುತ್ತಲೇ ಅವನ ಕಣ್ಣು ತುಂಬಿತು. "ಹಾಗಾದ್ರೆ ಇದನ್ನ ನಂಬಿದ್ದು ಯಾರು?" ಎಂದ. ಇಬ್ಬರೂ ಮೇಷ್ಟ್ರ ಕಡೆ ತಿರುಗಿದೆವು.

"ನನ್ನ ಮುಖ ನೋಡ್ಬೇಡಿ," ಎಂದರು ಅವರು. "ನಿನ್ನೆ ಸಂಜೇನೇ ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕಿ ಬಂದಿದ್ದೀನಿ."

ಮೂವರೂ ಮತ್ತೆ ಗಾಜಿನ ಕಡೆ ನೋಡಿದೆವು. ಕಲ್ಲು ತನ್ನ ಪಾಡಿಗೆ ತಾನು ಇನ್ನೊಂದು ಹನಿ ಬಿಟ್ಟಿತು.