ತಾಮ್ರದ ಕೊಡದಲ್ಲಿ ಸಿಗ್ನಲ್ ಹುಡುಕಿದೆವು

ಅಕ್ಕಂದಿರೇ, ತಂಗಿಯರೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ.

ನನ್ನ ಹೆಸರು ಜಯಂತಿ. ಅಂಕೋಲಾ ತಾಲೂಕಿನಲ್ಲಿ, ಹಾರವಾಡದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಕೇರಿ. ಅಲ್ಲಿನ ಸ್ವಸಹಾಯ ಸಂಘಕ್ಕೆ ನಾನು ಅಧ್ಯಕ್ಷೆ. ಅಧ್ಯಕ್ಷೆಯಾದ ಮೇಲೆ ಗೊತ್ತಿಲ್ಲದ್ದನ್ನೂ ಗೊತ್ತಿದೆ ಎನ್ನುವ ಚಟ ಹತ್ತಿಬಿಡುತ್ತದೆ ನೋಡಿ.

ನಮ್ಮ ಕೇರಿಗೂ ಟವರಿಗೂ ನಡುವೆ ಗುಡ್ಡ ಅಡ್ಡ. ಮೊಬೈಲಿನಲ್ಲಿ ಮಾತಾಡಬೇಕಾದರೆ ಅಂಗಳಕ್ಕೆ ಬರಬೇಕು. ಇನ್ನು ಲ್ಯಾಪ್‌ಟಾಪಿಗೆ ಇಂಟರ್ನೆಟ್ ಬರಿಸುವುದು ಅಂದರೆ ಕೇಳಲೇಬೇಡಿ. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿರುತ್ತದೆ, ನಾವು ಬಾಯಿ ಬಿಟ್ಟು ನೋಡುತ್ತಿರುತ್ತೇವೆ.

ಇದೇ ಕೇರಿಯ ಧನಲಕ್ಷ್ಮಿ ಪಿಯುಸಿ ಓದಿದವಳು. ಹಗಲು ಬೇರೆಯವರ ಗದ್ದೆಯಲ್ಲಿ ಕೂಲಿ. ಸಂಜೆ ಸಂಘದ ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪಿಂಗ್. ಎರಡು ವರ್ಷ ಬಿಡದೆ ಕಲಿತಳು. ಕೊನೆಗೆ ಹುಬ್ಬಳ್ಳಿಯ ಒಂದು ಕಚೇರಿಯಿಂದ ಕರೆ ಬಂತು. ಹಳೆಯ ಕೈಬರಹದ ಕಾಗದಗಳನ್ನು ಮನೆಯಲ್ಲೇ ಕೂತು ಟೈಪ್ ಮಾಡುವ ಕೆಲಸ. ಆದರೆ ಮೊದಲು ಅವರ ಎದುರಿಗೆ, ಇಂಟರ್ನೆಟ್ಟಿನಲ್ಲಿ, ಟೈಪ್ ಮಾಡಿ ತೋರಿಸಬೇಕು. ಮೊಬೈಲಿನಲ್ಲಿ ಆಗುವುದಿಲ್ಲ, ಲ್ಯಾಪ್‌ಟಾಪೇ ಆಗಬೇಕು.

ಆ ಪರೀಕ್ಷೆಯ ದಿನ ನನ್ನ ಬುದ್ಧಿ ಓಡಿತು. ಅಡುಗೆ ಮಾಡುವಾಗ ನಾನು ಮೊಬೈಲನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಭಜನೆ ಕೇಳುತ್ತೇನೆ. ಲೋಟದಲ್ಲಿಟ್ಟರೆ ದನಿ ದೊಡ್ಡದಾಗುತ್ತದೆ. ಹಾಗಾದರೆ ಸಿಗ್ನಲ್ಲೂ ದೊಡ್ಡದಾಗಬೇಕಲ್ಲ!

"ತಂಗೀ, ಹಾಟ್‌ಸ್ಪಾಟ್ ಹಾಕಿದ ಮೊಬೈಲನ್ನ ತಾಮ್ರದ ಕೊಡದಲ್ಲಿಡು. ತಾಮ್ರ ಕರೆಂಟನ್ನೇ ಎಳೀತದೆ, ಸಿಗ್ನಲ್ ಎಳೀದೇ ಇರ್ತದಾ?" ಅಂದೆ.

ಪಾಪ, ಹುಡುಗಿ ನಂಬಿ, ಒಳಕೋಣೆಯ ಕಬ್ಬಿಣದ ಕಪಾಟಿನ ಪಕ್ಕ ಕೂತು ಹಾಗೇ ಮಾಡಿದಳು. ಇದ್ದ ಒಂದು ಕಡ್ಡಿ ಸಿಗ್ನಲ್ಲೂ ಹೋಯಿತು. ಹುಬ್ಬಳ್ಳಿ ಕಚೇರಿಯ ಮೇಡಮ್ಮಿನ ಮುಖ ಪರದೆಯ ಮೇಲೆ ಅರ್ಧ ಮಾತಿಗೆ ನಿಂತುಬಿಟ್ಟಿತು. ಆಮೇಲೆ ಫೋನ್ ಮಾಡಿ ಅವರು ಹೇಳಿದರು: "ಗುರುವಾರ ಹನ್ನೊಂದು ಗಂಟೆಗೆ ಇನ್ನೊಂದು ಅವಕಾಶ ಕೊಡ್ತೇವೆ. ಅದೂ ಆಗದಿದ್ರೆ ಪಟ್ಟಿಯಲ್ಲಿ ಮುಂದಿನವರನ್ನ ಕರೀತೇವೆ."

ಧನಲಕ್ಷ್ಮಿ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಮರುದಿನ ಎದ್ದು ಸೀದಾ ಶೇಂಗಾ ಕೀಳಲು ಹೋದಳು. ಬೈದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಅವಳ ಅತ್ತೆ ಬೀರಕ್ಕ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಹೇಳಿದಳು: "ಸಾಕು ಮಾಡು ಜಯಂತಿ. ನಮ್ಮಂಥವ್ರಿಗಲ್ಲ ಇದು. ಆ ಗುಡ್ಡ ಸರಸೂಕೆ ಆಗ್ತದಾ ನಿಂಗೆ?"

"ಗುಡ್ಡ ಯಾಕೆ ಸರಿಸ್ಬೇಕು ಬೀರಕ್ಕಾ? ಪೇಟೆಯಲ್ಲಿ ಸಿಗ್ನಲ್ ಹೆಚ್ಚು ಮಾಡೋ ಪೆಟ್ಟಿಗೆ ಸಿಗ್ತದಂತೆ. ಬೂಸ್ಟರ್ ಅಂತೆ. ಒಂದು ತರೂವಾ," ಅಂದೆ.

"ಅದೊಂದು ಮಾಡ್ಬೇಡಿ ಜಯಂತಕ್ಕಾ!" ಅಂತ ಬೇಲಿಯಾಚೆಯಿಂದ ದನಿ ಬಂತು.

ಬಾಳಣ್ಣ. ಕಾರವಾರದ ಬೈತಖೋಲ ಬಂದರಿನಲ್ಲಿ ಇಪ್ಪತ್ತು ವರ್ಷ ಟ್ರಾಲರ್ ಬೋಟಿಗೆ ಹೋದವನು. ಈಗ ಊರಲ್ಲೇ ಬಲೆ ರಿಪೇರಿ ಮಾಡಿಕೊಂಡಿದ್ದಾನೆ. ಬೇಲಿ ದಾಟಿ ಬಂದು ಜಗಲಿಯ ತುದಿಗೆ ಕೂತ.

"ಆ ಪೆಟ್ಟಿಗೆ ಪರವಾನಗಿ ಇಲ್ದೆ ಇಟ್ಕೊಳ್ಳೂದು ಕಾನೂನಿಗೆ ವಿರುದ್ಧ. ನಿಮ್ಮನೇಲಿ ಅದು ಇದ್ರೆ ಸುತ್ತಲಿನವ್ರ ಸಿಗ್ನಲ್ ಹಾಳು. ಮೊನ್ನೆ ಮೊಬೈಲ್ ಎಲ್ಲಿಟ್ಟಿದ್ರಿ?"

ನಾನು ಹೇಳಬೇಕೋ ಬೇಡವೋ ಅಂತ ನೋಡುವಷ್ಟರಲ್ಲಿ ಬೀರಕ್ಕನೇ ಹೇಳಿಬಿಟ್ಟಳು. ಬಾಳಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಲ್ಲ ಮಾರಾಯ್ತಿ, ದನಿ ಬೇರೆ, ಸಿಗ್ನಲ್ ಬೇರೆ. ತಾಮ್ರ, ಸ್ಟೀಲು, ತಗಡು, ಎಲ್ಲ ಸಿಗ್ನಲ್ಲಿಗೆ ಅಡ್ಡ. ಕೊಡದೊಳಗೆ ಹಾಕಿದ್ರೆ ಅದು ಹೊರಗೇ ನಿಲ್ತದೆ. ಈ ಮನೆಯ ಮೇಲಿನ ಮಾಡೂ ತಗಡಿಂದೇ ಅಲ್ವಾ? ಒಳಕೋಣೇಲಿ ಕಬ್ಬಿಣದ ಕಪಾಟಿನ ಪಕ್ಕ ಕೂತ್ರೆ ಎಲ್ಲಿಂದ ಬರ್ಬೇಕು?"

"ಹಂಗಾದ್ರೆ ಲ್ಯಾಪ್‌ಟಾಪ್ ಹೊತ್ಕಂಡು ಗುಡ್ಡ ಹತ್ತಬೇಕಾ?" ಅಂತ ಬೀರಕ್ಕ ಕೇಳಿದಳು.

"ಬೇಡ. ಬೋಟಲ್ಲಿ ವೈರ್‌ಲೆಸ್ ಸೆಟ್ ಎಲ್ಲಿರ್ತದೆ? ಡ್ರೈವರನ ಹತ್ರ, ಕ್ಯಾಬಿನ್ನಲ್ಲಿ. ಏರಿಯಲ್ ಎಲ್ಲಿರ್ತದೆ? ಕಂಬದ ತುದೀಲಿ. ಮಾತಾಡೂಕೆ ಯಾರಾದ್ರೂ ಕಂಬ ಹತ್ತತಾರಾ? ಇಲ್ಲೂ ಹಂಗೇ. ಲ್ಯಾಪ್‌ಟಾಪ್ ಕೆಳಗಿರ್ಲಿ, ಮೊಬೈಲ್ ಮೇಲೆ ಹೋಗ್ಲಿ. ಟವರಿನ ಸಿಗ್ನಲ್ ಬೇಕಾದ್ದು ಮೊಬೈಲಿಗೆ. ಲ್ಯಾಪ್‌ಟಾಪಿಗೆ ಮೊಬೈಲ್ ಹತ್ರ ಇದ್ರೆ ಸಾಕು."

ಇಷ್ಟು ಸುಲಭದ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ.

ಸಂಜೆ ಧನಲಕ್ಷ್ಮಿ ಗದ್ದೆಯಿಂದ ಬಂದಳು. ಕೈಕಾಲು ಮಣ್ಣಾಗಿದ್ದರೂ ಕೂಡಲೇ ಮೊಬೈಲ್ ಹಿಡಿದು ಬಾಳಣ್ಣನ ಜೊತೆ ಮನೆ ಸುತ್ತತೊಡಗಿದಳು. ಹತ್ತು ಹೆಜ್ಜೆಗೊಮ್ಮೆ ನಿಂತು ನೋಡುವುದು. "ಬರೀ ಕಡ್ಡಿ ಎಣಿಸ್ಬೇಡ ತಂಗಿ, ಇಂಟರ್ನೆಟ್ಟಿನ ವೇಗ ಅಳೀ. ಅದಕ್ಕೆ ಇಂಟರ್ನೆಟ್ಟಲ್ಲೇ ಪುಕ್ಕಟೆ ಪುಟ ಸಿಗ್ತದೆ," ಅಂತ ಬಾಳಣ್ಣ ತೋರಿಸಿಕೊಟ್ಟ. ಹಿತ್ತಲಲ್ಲಿ ಸೊನ್ನೆ. ಜಗಲಿಯ ಪಡುವಣ ಮೂಲೆಯಲ್ಲಿ ಸ್ವಲ್ಪ ಜೀವ ಇತ್ತು. ಆಮೇಲೆ ನಾಲ್ಕು ಮನೆಯ ಮೊಬೈಲ್ ತರಿಸಿ ಅದೇ ಮೂಲೆಯಲ್ಲಿ ಹಿಡಿದು ನೋಡಿದೆವು. ಪಕ್ಕದ ಮನೆ ಸುಬ್ಬಿಯ ಸಿಮ್ ಬೇರೆ ಕಂಪನಿಯದು, ಅದಕ್ಕೇ ಎಲ್ಲಕ್ಕಿಂತ ಹೆಚ್ಚು ವೇಗ. ಸುಬ್ಬಿ "ಗುರುವಾರ ನನ್ನ ಮೊಬೈಲೇ ಇಟ್ಕಳಿ" ಅಂದಳು.

ಹಲಸಿನಕಾಯಿ ಕೊಯ್ಯುವ ಉದ್ದನೆಯ ಬಿದಿರಿನ ದೋಟಿ ತಂದೆವು. ಬಾಳಣ್ಣ ಮೊದಲು ತಲೆಯೆತ್ತಿ ಕರೆಂಟಿನ ತಂತಿ ಹತ್ತಿರ ಇಲ್ಲ ಅಂತ ನೋಡಿಕೊಂಡ. ನಾನು ಮೊಬೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಲು ಹೋದೆ.

"ಮತ್ತೆ ಶುರು ಮಾಡಿದ್ರಾ? ಬಿಸಿಲಿಗೆ ಪ್ಲಾಸ್ಟಿಕ್ಕಲ್ಲಿ ಕಾದು ಮೊಬೈಲ್ ತಾನೇ ಬಂದ್ ಆಗ್ತದೆ. ಬಿಳೀ ಬಟ್ಟೆ ಚೀಲ ತನ್ನಿ. ಮಳೆ, ಗುಡುಗು ಇದ್ರೆ ಮೇಲೆ ಕಟ್ಟೂದೇ ಬೇಡ."

ಬಟ್ಟೆ ಚೀಲವನ್ನು ದೋಟಿಯ ತುದಿಗೆ ಸಿಕ್ಕಿಸಿ, ದೋಟಿಯನ್ನು ಜಗಲಿಯ ಕಂಬಕ್ಕೆ ಬಲೆಯ ಹುರಿಯಿಂದ ಕಟ್ಟಿದೆವು. ಮೊಬೈಲ್ ಮನೆಯ ಮಾಡಿಗಿಂತ ಎರಡು ಆಳೆತ್ತರ ಮೇಲೆ. ಅದರ ಸರಿ ಕೆಳಗೆ, ಗೋಡೆಯಾಗಲಿ ತಗಡಾಗಲಿ ಅಡ್ಡ ಬರದ ಹಾಗೆ, ಅಂಗಳದ ಚಪ್ಪರದಲ್ಲಿ ಲ್ಯಾಪ್‌ಟಾಪ್. ಧನಲಕ್ಷ್ಮಿ ವೇಗ ಅಳೆದಳು. ಎರಡು ಸಲ ಅಳೆದಳು. "ಜಯಂತಕ್ಕಾ, ಓಡ್ತಾ ಉಂಟು!" ಅಂತ ಕೂಗಿದಳು. ನಾನು ನನ್ನ ಮೊಬೈಲನ್ನೂ ಅದೇ ಹಾಟ್‌ಸ್ಪಾಟಿಗೆ ಸೇರಿಸಿ ನೋಡಿದೆ, ಖುಷಿಪಟ್ಟೆ.

ಗುರುವಾರ ಬಂತು. ಲ್ಯಾಪ್‌ಟಾಪ್ ತಾನಾಗಿಯೇ ಅಪ್‌ಡೇಟ್ ಆಗುವುದನ್ನು ಧನಲಕ್ಷ್ಮಿ ಹಿಂದಿನ ದಿನವೇ ನಿಲ್ಲಿಸಿದ್ದಳು. ಚಾರ್ಜ್ ಪೂರ್ತಿ ಇತ್ತು. ಹನ್ನೊಂದಕ್ಕೆ ಸರಿಯಾಗಿ ಮೇಡಮ್ಮಿನ ಮುಖ ಬಂತು, ಸ್ವಚ್ಛವಾಗಿ ಬಂತು. ನಾವೆಲ್ಲ ಬೇಲಿಯ ಹತ್ತಿರ ನಿಂತೆವು. ಟೈಪಿಂಗ್ ಶುರುವಾಯಿತು.

ಹತ್ತು ನಿಮಿಷ ಕಳೆದಿರಬೇಕು. ಮೇಡಮ್ಮಿನ ಮಾತು ತುಂಡು ತುಂಡಾಯಿತು. "ಧನಲಕ್ಷ್ಮೀ, ಕೇಳ್... ದೆಯಾ?"

ಬಾಳಣ್ಣ ಮೇಲೆ ನೋಡಿದ. ಎಲ್ಲ ಸರಿ ಇದೆ. ಆಮೇಲೆ ನನ್ನ ಕಡೆ ತಿರುಗಿದ. "ಜಯಂತಕ್ಕಾ, ನಿಮ್ಮ ಮೊಬೈಲ್ ತೋರ್ಸಿ."

ಅಯ್ಯೋ! ನನ್ನದು ಇನ್ನೂ ಆ ಹಾಟ್‌ಸ್ಪಾಟಿನಲ್ಲೇ ಇತ್ತು. ನಮ್ಮ ನೆಂಟರ ಗ್ರೂಪಿನ ಮದುವೆ ವಿಡಿಯೋಗಳೆಲ್ಲ ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಆ ಹುಡುಗಿಯ ಅನ್ನವನ್ನು ನನ್ನ ಮೊಬೈಲು ತಿನ್ನುತ್ತಿತ್ತು. ಕೂಡಲೇ ಬಂದ್ ಮಾಡಿದೆ.

ಅಷ್ಟರಲ್ಲಿ ಧನಲಕ್ಷ್ಮಿ ಗಾಬರಿಯಾಗದೆ ಹೇಳಿದಳು: "ಮೇಡಂ, ನನ್ನ ಮುಖದ ವಿಡಿಯೋ ಬಂದ್ ಮಾಡ್ತೇನೆ. ಟೈಪ್ ಮಾಡೋ ಪರದೆ ನಿಮಗೆ ಕಾಣ್ತಾನೇ ಇರ್ತದೆ. ಆಗ ಭಾರ ಕಡಿಮೆ ಆಗ್ತದೆ."

ಅದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ದನಿ ತಿಳಿಯಾಯಿತು. ಶೇಂಗಾ ಕಿತ್ತು ಸಿಪ್ಪೆ ಎದ್ದ ಬೆರಳುಗಳು ಕೀಲಿಗಳ ಮೇಲೆ ಪಟಪಟ ಓಡಿದವು. ಕೊನೆಯ ಸಾಲು ಮುಗಿಸಿ ಅವಳು ಕೈ ತೆಗೆದಳು.

"ಮೂರು ಪುಟಕ್ಕೆ ಎರಡೇ ತಪ್ಪು," ಅಂದರು ಮೇಡಂ. "ಇಂಟರ್ನೆಟ್ಟೂ ಚೆನ್ನಾಗಿದೆ. ಸೋಮವಾರದಿಂದ ಶುರು ಮಾಡ್ತೀರಾ?"

ಬೇಲಿಯ ಹತ್ತಿರ ನಿಂತಿದ್ದ ನಾವು ಕೂಗಿದ್ದು ಸಮುದ್ರದಂಡೆಗೂ ಕೇಳಿರಬೇಕು! ಬಾಳಣ್ಣ ಕೈ ತಟ್ಟಿದ. ನಾನು ಧನಲಕ್ಷ್ಮಿಯನ್ನು ಅಪ್ಪಿಕೊಂಡು "ತಪ್ಪಾಯ್ತು ತಂಗೀ" ಅಂತ ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರುತ್ತಾ ನಕ್ಕಳು.

ಬೀರಕ್ಕ ಮಾತ್ರ ಅಲ್ಲಿರಲಿಲ್ಲ. ನೋಡಿದರೆ, ಮುದುಕಿ ಆಗಲೇ ಗದ್ದೆಯ ಬದುವಿನ ಮೇಲೆ ದುಡುದುಡು ನಡೆದು ಹೋಗುತ್ತಿದ್ದಾಳೆ. ಧನಲಕ್ಷ್ಮಿ ಕೂಲಿಗೆ ಹೋಗುತ್ತಿದ್ದ ಗದ್ದೆಯ ಯಜಮಾನರ ಮನೆ ಮುಂದೆ ನಿಂತು, ಇಡೀ ಕೇರಿಗೆ ಕೇಳುವ ಹಾಗೆ ಕೂಗಿ ಹೇಳಿದಳು:

"ಒಡೆಯಾ, ಸೋಮವಾರದಿಂದ ಬೇರೆಯವ್ರನ್ನ ಹುಡುಕ್ಕಳಿ. ನನ್ನ ಸೊಸೆಗೆ ಕೆಲಸ ಉಂಟು!"

ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಊರಲ್ಲೂ ಗುಡ್ಡ ಅಡ್ಡ ಇರಬಹುದು. "ಇಲ್ಲಿ ಸಿಗ್ನಲ್ ಬರೋದಿಲ್ಲ" ಅಂತ ಕೈಚೆಲ್ಲುವ ಮೊದಲು ಮೊಬೈಲ್ ಹಿಡಿದು ನಿಮ್ಮ ಮನೆಗೊಂದು ಸುತ್ತು ಬನ್ನಿ. ಯಾವ ಮೂಲೆ, ಎಷ್ಟು ಎತ್ತರ, ಯಾವ ಸಿಮ್ ಅಂತ ನೀವೇ ನೋಡಿ. ಗೊತ್ತಿದ್ದವರನ್ನು ಕೇಳಲು ನಾಚಬೇಡಿ, ನನ್ನ ಹಾಗೆ ಗೊತ್ತಿದ್ದವರಂತೆ ನಟಿಸಲೂ ಬೇಡಿ. ಎಷ್ಟು ಹುಡುಕಿದರೂ ಸಿಗದಿದ್ದರೆ ಹತ್ತು ಮನೆಯವರು ಸೇರಿ ಪಂಚಾಯ್ತಿಗೆ ಅರ್ಜಿ ಕೊಡಿ, ಟವರ್ ಕೇಳಿ. ನಿಮ್ಮ ಕೇರಿಯಲ್ಲೂ ಒಬ್ಬಳು ಕಲಿತು ತಯಾರಾಗಿ ಕೂತಿದ್ದಾಳೆ. ಅವಳನ್ನು ಕಾಯಿಸಬೇಡಿ, ಇವತ್ತೇ ಎದ್ದು ಹುಡುಕಿ.