ಎಡಕ್ಕೆ ಬಾಗಿದ ಕಲ್ಲು

ಬ್ರಹ್ಮಾವರದಲ್ಲಿ ರಾಜೀವ ಸರ್ ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಕಂಪ್ಯೂಟರಿನ ಬಗ್ಗೆ ಅತಿ ಕಡಿಮೆ ಗೊತ್ತಿದ್ದವರು ರಾಜೀವ ಸರ್. ಅವರಿಗೆ ಬರುತ್ತಿದ್ದುದು ಕೇರಂ ಒಂದೇ. ಯುವಕ ಮಂಡಲದ ಕೇರಂ ಪಂದ್ಯದಲ್ಲಿ ಗೆದ್ದ ಕಪ್ಪನ್ನು ಮಾನಿಟರಿನ ಪಕ್ಕದಲ್ಲೇ ಇಟ್ಟುಕೊಂಡು, ಜಗತ್ತಿನ ಯಾವ ಪ್ರಶ್ನೆ ಬಂದರೂ ಕೇರಂ ಹಲಗೆಯ ಮೇಲೆ ತೀರ್ಪು ಕೊಡುತ್ತಿದ್ದರು.

2010ರಲ್ಲಿ ಚಳಿಗಾಲದ ಒಲಿಂಪಿಕ್ಸನ್ನು ಟೀವಿಯಲ್ಲಿ ನೋಡಿ ಅವರು ಕರ್ಲಿಂಗಿಗೆ ಮರುಳಾದರು. ಮಂಜುಗಡ್ಡೆಯ ಮೇಲೆ ದುಂಡು ಕಲ್ಲನ್ನು ತಿರುಗಿಸಿ ಜಾರಿಬಿಡುವ ಆಟ ಅದು. ಕೋರ್ಸ್ ಮುಗಿಸುತ್ತಿದ್ದವಳಾದ ನನಗೂ ಜೊತೆಗೆ ಕಲಿಯುತ್ತಿದ್ದ ಯತೀಶನಿಗೂ ಅಪ್ಪಣೆಯಾಯಿತು: ಆ ಆಟವನ್ನು ಕಂಪ್ಯೂಟರಿನಲ್ಲಿ ಮಾಡಬೇಕು, ಯಾರದು ಸರಿಯೋ ಅವರಿಗೆ ಸೆಂಟರಿನಲ್ಲೇ ಟೀಚರ್ ಕೆಲಸ. ನನಗೆ ಆ ಕೆಲಸ ಬೇಕೇ ಬೇಕಿತ್ತು. ಇಲ್ಲದಿದ್ದರೆ ಬಿಜೂರಿಗೆ ಹೋಗಿ ಚಿಕ್ಕಪ್ಪನ ಗೊಬ್ಬರದಂಗಡಿಯಲ್ಲಿ ಯೂರಿಯಾ ತೂಗಬೇಕಿತ್ತು.

ಯತೀಶ ಒಂದು ಸಾಲೂ ಬರೆಯಲಿಲ್ಲ. ಸಂಜೆ ಸರ್ ಜೊತೆ ಕೇರಂ ಆಡಿದ, ಬೇಕೆಂದೇ ಸೋತ. ನಾನು ಆ ಪಂದ್ಯಗಳ ವೀಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಕಲ್ಲಿನ ವೇಗ, ಘರ್ಷಣೆ, ತಿರುವು ಎಲ್ಲ ಲೆಕ್ಕ ಹಾಕಿ ಬರೆದೆ. ಬಲಕ್ಕೆ ತಿರುಗಿಸಿ ಬಿಟ್ಟ ಕಲ್ಲು ನಿಧಾನವಾಗುತ್ತಾ ಬಲಕ್ಕೇ ಬಾಗಿ ನಿಂತಿತು. ಕುಣಿಯುವಷ್ಟು ಖುಷಿಯಾಯಿತು.

ಸರ್ ನೋಡಿದರು. ಹಲಗೆಗೆ ಬೋರಿಕ್ ಪೌಡರ್ ಉದುರಿಸಿ, ಚಹಾದ ಸ್ಟೀಲ್ ಲೋಟವನ್ನು ಬೋರಲು ಹಾಕಿ, ಬಲಕ್ಕೆ ತಿರುಗಿಸಿ ತಳ್ಳಿದರು. ಲೋಟ ಎಡಕ್ಕೆ ಬಾಗಿತು.

"ಕಾಣ್ ಹೆಣೆ, ಎಡಕ್ ಹೋಯ್ತ್. ನಿನ್ ಲೆಕ್ಕ ತಪ್ಪ್."

"ಸರ್, ಇದ್ ಹಲ್ಗಿ, ಅದ್ ಐಸ್. ಅಲ್ಲಿ ಕಲ್ಲ್ ಬಲಕ್ಕೇ ಹೋತ್ತ್. ವೀಡಿಯೋ ಕಾಣಿ," ಎಂದೆ.

ನೋಡಿದರು. "ಟೀವಿಯವ್ರ್ ಉಲ್ಟಾ ತೋರ್ಸಿರ್. ಕಣ್ಣೆದ್ರ್ ಕಾಂಬ್ದ್ ಬಿಟ್ಟ್ ಟೀವಿ ನಂಬುಕಾತ್ತಾ?"

"ಹೌದ್ ಸರ್," ಎಂದ ಯತೀಶ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ಏನು ವಾದ? ಆ ಮನುಷ್ಯ ಮಂಜುಗಡ್ಡೆ ಕಂಡದ್ದು ಬಂಗುಡೆ ಮೀನಿನ ಪೆಟ್ಟಿಗೆಯಲ್ಲಿ ಮಾತ್ರ. ನಾನೂ ಅಷ್ಟೇ ಕಂಡವಳು, ಆದರೆ ನನಗೆ ಕೇರಂ ಕಪ್ಪು ಬಂದಿರಲಿಲ್ಲ.

"ಎಡಕ್ ಮಾಡ್, ಕೆಲ್ಸ ನಿಂಗೇ," ಎಂದರು ಸರ್.

"ಸರಿ ಇದ್ದದ್ದನ್ ನಾ ತಪ್ಪ್ ಮಾಡುದಿಲ್ಲ ಸರ್."

ಯತೀಶ ನನ್ನ ಕುರ್ಚಿಯಲ್ಲಿ ಬಂದು ಕೂತ. ಎಲ್ಲಿ ತಿದ್ದಬೇಕೆಂದು ಗೊತ್ತಾಗದೆ ನನ್ನನ್ನೇ ಕೇಳಿದ. ಹೇಸಿಗೆಯಾಯಿತು. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಅಲ್ಲೊಂದು ಮೈನಸ್ ಹಾಕಿದ, ಕಲ್ಲು ಎಡಕ್ಕೆ ಬಾಗಿತು, ಸರ್ ಚಪ್ಪಾಳೆ ತಟ್ಟಿದರು.

ಇಡೀ ಆಟದಲ್ಲಿ ಯತೀಶ ಬರೆದದ್ದು ಆ ಒಂದು ಗೀಟು. ಟೀಚರ್ ಕೆಲಸ ಅದಕ್ಕೇ ಸಿಕ್ಕಿತು.